ಚಿಗವ್ವ ಅಂಟಿಸಿಟ್ಟ ಭುಜ

ಟ್ರಂಕಿನ ಮುಚ್ಚಳ ತೆರೆದೊಡನೆ ಡಾಂಬರು ಗುಳಿಗೆಯ ಜೊತೆ ಹಳೆಯ ಪೇಪರಿನ ವಾಸನೆಯೂ ಬಂತು. ಮೆತ್ತಗಿನ ಸೀರೆಯೊಂದು ಸಿಕ್ಕರೆ ಬೇಸಿಗೆಗೆ ನೈಟಿ ಹೊಲಿದುಕೊಳ್ಳೋಣವೆಂದು ಹುಡುಕುತ್ತಿದ್ದೆ. ಅಂಗಡಿಯಿಂದ ತಂದವು ಈಚೆಗೆ ನನ್ನ ಎಡಭುಜದಿಂದ ಜಾರುತ್ತವೆ. ಎತ್ತಿ ಎತ್ತಿ ಸಾಕಾಗಿದೆ. ಸೀರೆಯ ಕೆಳಗೆ ಆ ಸುರುಳಿ ಇತ್ತು... ಎದುರುಮನೆಯ ಚಿಗವ್ವ ಹೊಲಿಗೆಯ ಅಳತೆಗೆಂದು ಕತ್ತರಿಸಿಟ್ಟ ಪೇಪರುಗಳು. ಅವಳು ತೀರಿಕೊಂಡಾಗ ಅವಳ ಸೊಸೆ ನನ್ನ ಕೈಗಿತ್ತದ್ದು. ಇಷ್ಟು ವರ್ಷ ಬಿಚ್ಚಲು ಮನಸ್ಸಾಗಿರಲಿಲ್ಲ.

ನಾನು ಶಿರಹಟ್ಟಿಯಿಂದ ಬೆಟಗೇರಿಗೆ ಸೊಸೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸುವುದಷ್ಟೇ ಬರುತ್ತಿತ್ತು. ಹೊಲಿಗೆ ಕಲಿಸಿದವಳು ಚಿಗವ್ವ. ನನ್ನನ್ನು ಹೆಸರಿನಿಂದ ಕರೆದವಳೇ ಅಲ್ಲ. "ಲೇ ಶಿರಹಟ್ಟಿ, ಕತ್ತರಿ ತಗೊಂಡು ಜಲ್ದಿ ಬಾ" ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

ಒಂದು ವರ್ಷ ಅವರ ಮನೆಯ ಮಗ್ಗ ನಿಂತೇಹೋಯಿತು. ಅದರಿಂದ ಕೊನೆಗೆ ಇಳಿದ ಹತ್ತಿಬಟ್ಟೆಯನ್ನು ಯಾರಿಗೂ ಕೊಡದೆ, ತನಗೊಂದು ನೈಟಿ ಹೊಲಿದುಕೊಳ್ಳಲು ಚಿಗವ್ವ ಇಟ್ಟುಕೊಂಡಳು. ಮೇಲಿನ ಭಾಗಕ್ಕೆ ತನ್ನ ಜಂಪರಿನ ಪೇಪರ್, ಕೆಳಗಿನ ಘೇರಿಗೆ ತನ್ನ ಸೊಸೆಯ ನೈಟಿಯ ಪೇಪರ್.

"ಮ್ಯಾಲೆ ಅತ್ತಿ, ಕೆಳಗ ಸೊಸಿ. ನಡುವಿನ ಹೊಲಿಗಿ ಗಟ್ಟಿ ಹಾಕಬೇಕು ನೋಡ, ಇಲ್ಲಾಂದ್ರ ಜಗಳಾಡಿ ಬಿಚ್ಕೊಂತಾವು!"

ಪೇಪರುಗಳನ್ನು ಬಟ್ಟೆಯ ಮೇಲೆ ಹೊಂದಿಸಿ ಕೊಡುವುದು ನನ್ನ ಕೆಲಸ. ಜಂಪರಿನ ಪೇಪರನ್ನು ನಡುವೆ ಮಡಚಿದರೆ ಬಲಭುಜ ಎಡಕ್ಕಿಂತ ಅರ್ಧ ಬೆರಳು ಮೇಲಿತ್ತು. ಕೈತಪ್ಪಿರಬೇಕೆಂದುಕೊಂಡು, ಕೇಳದೆ, ಹೆಚ್ಚಾದ ಪಟ್ಟಿಯನ್ನು ಕತ್ತರಿಸಿ ಎಸೆದೆ. ಅದು ಕೈತಪ್ಪಾಗಿರಲಿಲ್ಲ; ಎಡ ಬಗಲಲ್ಲಿ ನೀರಿನ ಕೊಡ ಹೊತ್ತೂ ಹೊತ್ತೂ ಅವಳ ಎಡಭುಜ ಇಳಿದಿತ್ತು. ದಿನವೂ ನೋಡುತ್ತಿದ್ದ ನನಗೆ ಅದು ಕಂಡಿರಲಿಲ್ಲ. ಸೆರಗು ಮುಚ್ಚುತ್ತಿತ್ತು. ಕಣ್ಣು ಮಂಜಾದ ಚಿಗವ್ವ ಪೇಪರನ್ನು ನಂಬಿ ಬಟ್ಟೆಗೆ ಕತ್ತರಿ ಹಾಕಿದಳು.

ತೊಟ್ಟಾಗ ಬಲಗಡೆ ಬಿಗಿಯಿತು, ಎಡಗಡೆ ಜೋತುಬಿತ್ತು. ಇನ್ನೊಂದು ತುಂಡು ನೇಯಲು ಮಗ್ಗ ನಡೆಯುತ್ತಿರಲಿಲ್ಲ.

"ಪೇಪರ್ ಸೊಟ್ಟ ಇತ್ರಿ ಚಿಗವ್ವಾ, ಸಮ ಮಾಡಿದ್ನಿ" ಎಂದೆ.

"ಸೊಟ್ಟ ಇರೋದು ಪೇಪರ್ ಅಲ್ಲಲೇ, ನಾನು" ಎಂದು ನಕ್ಕಳು. "ದೇವರಿಗೇ ಆಗದ್ದನ್ನ ನೀ ಕತ್ತರಿಲೆ ಸರಿ ಮಾಡಾಕ ಹೊಂಟಿದ್ದಿ!"

ಆ ಬೇಸಿಗೆಯೆಲ್ಲ ಅದನ್ನೇ ತೊಟ್ಟಳು. ಬಲತೋಳು ಮೇಲೆತ್ತಲಾಗದೆ, ಹಗ್ಗದ ಮೇಲೆ ಬಟ್ಟೆ ಒಣಹಾಕಲು ನನ್ನನ್ನೇ ಕರೆಯುತ್ತಿದ್ದಳು. ಹೋಗುತ್ತಿದ್ದೆ, ಹಾಕುತ್ತಿದ್ದೆ... ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಈಗ ಟ್ರಂಕಿನ ಮುಂದೆಯೇ ಕೂತು ಸುರುಳಿ ಬಿಚ್ಚಿದರೆ, ನಾನು ಎಸೆದಿದ್ದ ಪಟ್ಟಿ ತನ್ನ ಜಾಗದಲ್ಲೇ ಇತ್ತು. ಮೈದಾ ಅಂಟು ಹಚ್ಚಿ ಕೂಡಿಸಿದ್ದಳು. ಯಾವಾಗ ಹೆಕ್ಕಿದ್ದಳೋ... ಪೇಪರಿನ ಅಂಚನ್ನು ಜಿರಳೆಗಳು ತಿಂದಿದ್ದವು, ಪಟ್ಟಿಯನ್ನು ಮುಟ್ಟಿರಲಿಲ್ಲ. ದೇವರು ಅಷ್ಟಾದರೂ ಕಾಯ್ದ.

ಮೇಲೆ ಅವಳ ಪೇಪರ್, ಕೆಳಗೆ ನನ್ನ ಹಳೆಯ ನೈಟಿ ಇಟ್ಟು ಸೀರೆ ಕತ್ತರಿಸಿದೆ. ಬೆನ್ನು ನೋವಿನಲ್ಲಿ ಹೊಲಿದು ಮುಗಿಸಲು ಮೂರು ದಿನ ಹಿಡಿಯಿತು. ತೊಟ್ಟು ನೋಡಿದರೆ ಎಲ್ಲಿಯೂ ಎಳೆಯಲಿಲ್ಲ, ಜಾರಲಿಲ್ಲ. ನಳದಲ್ಲಿ ನೀರು ಬರದ ದಿನಗಳಲ್ಲಿ ನಾನೂ ಎಡ ಬಗಲಲ್ಲೇ ಕೊಡ ಹೊತ್ತವಳು.

ಸಂಜೆ ದೇವರಿಗೆ ದೀಪ ಹಚ್ಚಿ, "ತಪ್ಪಾತ್ರಿ ಚಿಗವ್ವಾ" ಎಂದೆ. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ನನ್ನನ್ನು ಶಿರಹಟ್ಟಿ ಎಂದು ಕರೆಯುವವರು ಈ ಓಣಿಯಲ್ಲಿ ಯಾರೂ ಉಳಿದಿಲ್ಲ.