ಕೊಬ್ಬರಿ ಅಟ್ಟದಲ್ಲಿ ಇಬ್ಬರು

ತಪ್ಪು ನನ್ನದೇ. ಪೊಲೀಸರ ದನಿಯಲ್ಲಿ ಚಿಕ್ಕಪ್ಪನಿಗೆ ಫೋನ್ ಮಾಡಿದವನು ನಾನು. ಊರಲ್ಲಿ ನಾನು ಅಣಕಿಸದವರಿಲ್ಲ. ಗಂಟಲು ಕೆರೆದುಕೊಳ್ಳದೆ ಮಾತು ಶುರುಮಾಡಲಾರದ ಚಿಕ್ಕಪ್ಪ, ಮೂಗಿನಲ್ಲೇ ರೇಟು ಹೇಳುವ ತಿಪಟೂರಿನ ಮಂಡಿಯವರು, ಹುಡುಗಿಯರು ಕಂಡರೆ ಇದ್ದಕ್ಕಿದ್ದಂತೆ ದಪ್ಪ ದನಿ ತೆಗೆಯುವ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಆ ಬೆಳಿಗ್ಗೆ ಸ್ನೇಹಿತನ ಫೋನಿನಿಂದ ಹೊಟ್ಟೆಯಾಳದ ದನಿ ಎತ್ತಿ, "ನಿಮ್ ತೋಟದಲ್ಲಿ ಹೊರದೇಶದವನು ಇದಾನಂತೆ. ದಾಖಲೆ ಇಲ್ಲದೋರ್ನ ಕೆಲಸಕ್ಕಿಟ್ಕೊಂಡ್ರೆ ಇಟ್ಕೊಂಡೋರ ಮೇಲೂ ಕೇಸು, ಗೊತ್ತಲ್ಲ?" ಎಂದೆ. ಚಿಕ್ಕಪ್ಪ ಗಂಟಲು ಕೆರೆದುಕೊಳ್ಳುವುದನ್ನೇ ಮರೆತ.

ನಾನು ಹೇಳಿದ್ದು ನಮ್ಮ ಕಾಯಿ ಸುಲಿಯುವವನ ವಿಷಯ. ಎರಡು ವರ್ಷದ ಹಿಂದೆ ಬಂದಾಗ ಬಂಗಾಳದ ಕಡೆಯವನು ಎಂದಿದ್ದ. ಗಡಿಯ ಈಚೆಯೋ ಆಚೆಯೋ ಎಂದು ಚಿಕ್ಕಪ್ಪ ಕೇಳಲಿಲ್ಲ. ಊರಿನವರ್‍ಯಾರೂ ಕಾಯಿ ಸುಲಿಯಲು ಬೆನ್ನು ಬಗ್ಗಿಸದಿರುವಾಗ ಅಂಥ ಪ್ರಶ್ನೆ ಹೊಳೆಯುವುದಿಲ್ಲ. ಅವನು ನಮ್ಮ ಮಾತನ್ನೂ ಕಲಿತಿದ್ದ. ಕಲಿಸಿದವನು ನಾನಾದ್ದರಿಂದ ಅದರಲ್ಲಿ ಅರ್ಧ ಬೈಗುಳ.

ಸಂಜೆ ನಿಜ ಹೇಳಿ ನಗೋಣವೆಂದುಕೊಂಡಿದ್ದೆ. ಚಿಕ್ಕಪ್ಪ ಅಲ್ಲಿಯವರೆಗೆ ಕಾಯಲಿಲ್ಲ. ತಾನೇ ಠಾಣೆಗೆ ಫೋನ್ ಮಾಡಿ, ಸಾಹೇಬರು ಈಗ ಹೇಳಿದ ವಿಷಯಕ್ಕೆ ಸ್ವಲ್ಪ ಟೈಮ್ ಬೇಕು ಎಂದು ಕೇಳಿಕೊಂಡ. ಯಾವ ವಿಷಯ, ಯಾವ ಊರು ಎಂದು ಅವರು ವಿಚಾರಿಸಿದರೆ ಎಲ್ಲವನ್ನೂ ಬಿಡಿಸಿ ಹೇಳಿದ. ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಬರುತ್ತಾರೆ ಎಂದರಂತೆ.

ಸುದ್ದಿ ತಿಳಿದು ನಾನು ತೋಟದ ಮನೆಗೆ ಓಡುವಷ್ಟರಲ್ಲಿ ಚಿಕ್ಕಪ್ಪ ಕಾಯಿ ಸುಲಿಯುವವನನ್ನು ಕೊಬ್ಬರಿ ಅಟ್ಟಕ್ಕೆ ಹತ್ತಿಸಿಯಾಗಿತ್ತು. ನಿಜ ಹೇಳಿ ಇಳಿಸಿಬಿಡೋಣವೆಂದು ನಾನೂ ಏಣಿ ಹತ್ತಿದೆ. ಹೊರಗೆ ಬೈಕಿನ ಸದ್ದಾಯಿತು. ಚಿಕ್ಕಪ್ಪ ಏಣಿ ಎಳೆದುಕೊಂಡ.

ಮನುಷ್ಯರನ್ನು ಬಚ್ಚಿಡಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ಕೆಟ್ಟ ಜಾಗವಿಲ್ಲ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು, ಒಳಗೇ ಉರುಳುವ ಗಿಟುಕಾಗಿರುತ್ತದೆ. ಮೈ ತಾಗಿದರೂ ಗುಡುಗುಡು ಎನ್ನುತ್ತದೆ. ಅಂಥ ರಾಶಿಯ ಮೇಲೆ ನಾವಿಬ್ಬರು ಮಂಡಿಯೂರಿ ಕೂತಿದ್ದೆವು. ತಲೆಗೆ ತಾಗುವಷ್ಟು ಹತ್ತಿರ ಕಾದ ಹೆಂಚು, ಬಾಯಿ ತುಂಬ ನಾರಿನ ಧೂಳು. ಕಾಲು ಜೋಮು ಹಿಡಿದರೂ ಚಾಚುವಂತಿಲ್ಲ.

ಫೋನ್ ಮಾಡಿದ್ದು ನಾನು ಎಂದು ಪಿಸುಗುಟ್ಟಿದೆ. ಕಲಿಸಿದ ಬೈಗುಳದಲ್ಲಿ ಒಂದನ್ನೂ ಅವನು ಬಳಸಲಿಲ್ಲ. ಗುರುತಿನ ಕಾರ್ಡು ತಾನು ಹಿಂದೆ ಕೆಲಸಕ್ಕಿದ್ದ ಇಟ್ಟಿಗೆ ಗೂಡಿನ ಮಾಲೀಕನ ಹತ್ತಿರವೇ ಉಳಿಯಿತು, ತನ್ನ ಬಳಿ ಇರುವುದು ಅದರ ಫೋಟೋ ಮಾತ್ರ ಎಂದ. "ಯಜಮಾನ್ರು ಗೊತ್ತಿಲ್ಲ ಅಂದ್ಬುಟ್ರೆ ನಂದು ಮುಗೀತು ಕಣ್ಲಾ. ಗಡಿ ದಾಟಿಸ್ತಾರೆ." ಕಾರ್ಡಿನ ಮಾತು ನಿಜವೋ ಸುಳ್ಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಳಗೆ ಹೆಡ್ ಕಾನ್‌ಸ್ಟೇಬಲ್ ಎಳನೀರು ಕುಡಿಯುತ್ತಿದ್ದರು. ಅಂಥವನು ಇಲ್ಲಿ ಯಾರೂ ಇಲ್ಲ ಎಂದು ಚಿಕ್ಕಪ್ಪ ಹೇಳುತ್ತಿರುವಾಗಲೇ ನನ್ನ ಪಕ್ಕದವನಿಗೆ ಕೆಮ್ಮು ಒತ್ತರಿಸಿ ಬಂತು. ಅವನೊಂದಿಗೆ ಕಾಯಿಗಳೂ ಅಲುಗಿದವು. ಇಲಿ ಕಾಟ ಎಂದ ಚಿಕ್ಕಪ್ಪ. ಅದೇ ಗಳಿಗೆಯಲ್ಲಿ ನಾನು, ಕಲಾವಿದನಲ್ಲವೇ, ಬೆಕ್ಕಿನಂತೆ ಕೂಗಿದೆ.

"ಬೆಕ್ಕಿರೋ ಅಟ್ಟದಲ್ಲಿ ಇಲಿ ಆರಾಮಾಗಿ ಕೆಮ್ತಾವಲ್ಲ ಯಜಮಾನ್ರೇ. ಏಣಿ ಹಾಕಿ," ಎಂದರು ಅವರು.

ತಲೆ ತುಂಬ ನಾರು ಮೆತ್ತಿಕೊಂಡು ಇಳಿದೆವು. ನಾನು ಫೋನಿನ ಕಥೆ ಒಪ್ಪಿಕೊಂಡೆ. ನಿನ್ನ ವಿಚಾರ ಆಮೇಲೆ ಎಂದು ಅವರು ಅವನ ಕಡೆ ತಿರುಗಿದರು. ಫೋಟೋ ನೋಡಿ, ಇದು ಸಾಲದು, ಅಸಲು ಎಲ್ಲಿ, ಇವನನ್ನು ಬಲ್ಲವರು ಯಾರು ಎಂದರು. ಚಿಕ್ಕಪ್ಪ ನೆಲ ನೋಡುತ್ತಾ, "ನಂಗೊತ್ತಿಲ್ಲ ಸಾರ್, ನಿನ್ನೆ ಬಂದೋನು," ಎಂದುಬಿಟ್ಟ. ಅವನು ಚಪ್ಪಲಿ ಹುಡುಕತೊಡಗಿದ. ಬೆಕ್ಕಿನ ದನಿ ಬರುವ ನನ್ನ ಗಂಟಲಲ್ಲಿ ನನ್ನದೇ ದನಿ ಬರಲಿಲ್ಲ.

ಕೊನೆಗೆ ಚಿಕ್ಕಪ್ಪನೂ ಠಾಣೆಗೆ ಹೋದ. ಅಸಲು ಕಾರ್ಡು ತರಿಸುವವರೆಗೆ ಇವನು ನನ್ನ ಜವಾಬ್ದಾರಿ ಎಂದು ಬರೆದುಕೊಟ್ಟು, ಅವನನ್ನು ಕರೆದುಕೊಂಡು ಬಂದ. ಕಾರ್ಡು ಇನ್ನೂ ಬಂದಿಲ್ಲ, ಕೇಸಿನ ಭಯವೂ ಹೋಗಿಲ್ಲ. ಆದರೆ ಅಂದು ಚಿಕ್ಕಪ್ಪನನ್ನು ಠಾಣೆಗೆ ಹೊರಡಿಸಿದ್ದು ಪೊಲೀಸರಲ್ಲ. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ ಚಿಕ್ಕಮ್ಮ.

"ನಿನ್ನೆ ಬಂದೋನಾದ್ರೆ ಎರಡು ವರ್ಷದಿಂದ ನಾನು ಯಾರಿಗ್ರೀ ಮುದ್ದೆ ಕಟ್ತಿದ್ದೆ? ಕರ್ಕೊಂಡ್ ಹೋಗೋದಾದ್ರೆ ಇಟ್ಕೊಂಡೋರ್ನೂ ಕರ್ಕೊಂಡ್ ಹೋಗಿ ಸಾರ್, ಬೈಕಲ್ಲಿ ಇನ್ನೊಬ್ರಿಗೆ ಜಾಗ ಐತೆ."