ಸಿಸ್ಟರಮ್ಮ ಸೂಜಿ ಚುಚ್ಚಿಸಿಕೊಂಡ ಕ್ರಿಸ್‌ಮಸ್

ಸಿಸ್ಟರಮ್ಮನ ಬಲಗೈ ಹೆಬ್ಬೆರಳು ಬಿಲ್ಲಿನಂತೆ ಹಿಂದಕ್ಕೆ ಬಾಗಿತ್ತು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಸಿರಿಂಜು ಒತ್ತೊತ್ತಿ ಹಾಗಾಯಿತೆಂದು ಅವರೇ ಹೇಳುತ್ತಿದ್ದರು. ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಆ ಹೆಬ್ಬೆರಳಿನ ರುಚಿ ಕಾಣದ ಸೊಂಟವೇ ಇರಲಿಲ್ಲ. ಗರಡಿಯ ಪೈಲ್ವಾನರೂ ಅವರೆದುರು ಲುಂಗಿ ಸಡಿಲಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. “ಉಸ್ ಅನ್ನಬ್ಯಾಡ್ರಿ, ಇನ್ನೂ ಚುಚ್ಚಿಲ್ಲ” ಎಂದು ಅವರು ಹೇಳುವಷ್ಟರಲ್ಲಿ ಚುಚ್ಚಿ ಮುಗಿದಿರುತ್ತಿತ್ತು.

ನಾನು ಅವರ ಪಕ್ಕದ ಮನೆಯ ಟೇಲರ್. ನನ್ನನ್ನು ಭಾಯಿ ಎನ್ನುತ್ತಿದ್ದರು. ರಂಜಾನಿಗೆ ನಮ್ಮಲ್ಲಿ ಬಂದು ಎರಡು ಬಟ್ಟಲು ಸುರ್‌ಕುಂಬಾ ಪಾಯಸ ಕುಡಿದು, ಮೂತಿ ಒರೆಸಿಕೊಂಡು, ಸಕ್ಕರೆ ಎಷ್ಟು ಕೆಟ್ಟದ್ದು ಎಂದು ನನ್ನ ಹೆಂಡತಿಗೆ ಅರ್ಧ ಗಂಟೆ ಬುದ್ಧಿ ಹೇಳುತ್ತಿದ್ದರು.

ಅವರ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಬಳ್ಳಾರಿಯಲ್ಲಿದ್ದಳು. ಆ ಸಲ ಕ್ರಿಸ್‌ಮಸ್ಸಿಗೆ ಮಗಳು, ಅಳಿಯ, ನಾಲ್ಕು ವರ್ಷದ ಮೊಮ್ಮಗಳು ವಾರ ಮೊದಲೇ ಬಂದಿಳಿದರು. ಆದರೆ ಒಂದು ತೊಡಕಿತ್ತು. ಬೇಸಿಗೆಯಲ್ಲಿ ಬಂದಾಗ ಮಗುವಿಗೆ ಜ್ವರ ಬಂದು, ಇಂಜೆಕ್ಷನ್ ಕೊಟ್ಟವರು ಈ ಅಜ್ಜಿಯೇ. ಅಂದಿನಿಂದ ಅದರ ಬಾಯಲ್ಲಿ ಅವರು ‘ಸೂಜಿ ಅಜ್ಜಿ’. ಕಂಡರೆ ಸಾಕು, ಅಪ್ಪನ ಪೈಜಾಮದ ಹಿಂದೆ ಅಡಗುತ್ತಿತ್ತು. ಗೊಂಬೆ ಕೊಟ್ಟರೆ ಗೊಂಬೆಯನ್ನು ಕಸಿದುಕೊಂಡು ಓಡುತ್ತಿತ್ತು.

ಹಬ್ಬಕ್ಕೆ ಎರಡು ದಿನವಿರುವಾಗ ಸಿಸ್ಟರಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದರು.

“ಭಾಯಿ, ಓಣಿ ಮಕ್ಕಳೆಲ್ಲ ಹುಟ್ಟಿದ ಕೂಡ್ಲೆ ಮೊದ್ಲು ನನ್ನ ಕೈಗೆ ಬಂದಾವು. ನನ್ನ ಮೊಮ್ಮಗಳು ತೊಡಿ ಮ್ಯಾಲೆ ಕೂಡಾಕ ಒಲ್ಲೆ ಅಂತಾಳಲ್ರಿ.”

ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೇಪು ಸುತ್ತುತ್ತ ಕುಳಿತೆ.

“ಒಂದು ಕೆಂಪು ಕೋಟು ಹೊಲೀರಿ. ಕ್ರಿಸ್‌ಮಸ್ ತಾತ ಆಗ್ತೀನಿ. ತಾತನ ಹತ್ರ ಬಂದೇ ಬರ್ತಾಳೆ.”

“ನೀವಾ? ಮತ್ತ ಗಡ್ಡ ಹೆಂಗ್ರಿ?”

“ಅದು ನನ್ನ ಬ್ಯಾಗಿನಾಗ ಐತೆ. ನೀವು ಕೋಟು ನೋಡ್ಕೊಳ್ರಿ.”

ಹಬ್ಬದ ಬೆಳಿಗ್ಗೆ ಎಲ್ಲರೂ ಹರಿಹರದ ಚರ್ಚಿಗೆ ಹೋಗಿ ಹನ್ನೊಂದಕ್ಕೆ ಮರಳಿದರು. ಕೇಕು, ರೋಸ್ ಕುಕ್ಕಿ, ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿ. ಮನೆ ತುಂಬ ಜನ. ಸಿಸ್ಟರಮ್ಮ ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ನುಸುಳಿ ಬಂದು ಕೋಟು ತೊಟ್ಟರು. ಹೊಟ್ಟೆಗೆ ದಿಂಬು ಬೇಕೇನ್ರಿ ಎಂದು ಕೇಳಿ ನನ್ನ ಹೆಂಡತಿ ಬೈಸಿಕೊಂಡಳು. ಗಡ್ಡವೆಂದರೆ ಆಸ್ಪತ್ರೆಯ ಹತ್ತಿ. ಅದನ್ನು ಗಲ್ಲಕ್ಕೆ ಪ್ಲಾಸ್ಟರಿನಿಂದ ಬಿಗಿದರು.

“ಹೋ ಹೋ!” ಎನ್ನುತ್ತ ತಾತ ಒಳಗೆ ಹೋದದ್ದೇ ತಡ, ಮಗು ಓಡಿಬಂದು ತೊಡೆಯೇರಿತು. ಸಿಸ್ಟರಮ್ಮ ಕಣ್ಣು ಮುಚ್ಚಿ ಅದನ್ನು ಅಪ್ಪಿಕೊಂಡರು. ಆ ಸುಖ ಅರ್ಧ ನಿಮಿಷವೂ ಇರಲಿಲ್ಲ. ಮಗು ಗಡ್ಡಕ್ಕೆ ಮೂಗು ತಾಗಿಸಿತು. ವರ್ಷಗಟ್ಟಲೆ ಬ್ಯಾಗಿನಲ್ಲಿದ್ದ ಹತ್ತಿ. ಸ್ಪಿರಿಟ್ಟಿನ ವಾಸನೆ ಘಮ್ಮೆಂದಿತು.

“ಸೂಜಿ!” ಎಂದು ಕಿರುಚಿದ ಮಗು ಎರಡೂ ಕೈಯಿಂದ ಗಡ್ಡ ಕಿತ್ತಿತು. ಪ್ಲಾಸ್ಟರಿನ ಜೊತೆ ಅಜ್ಜಿಯ ಗಲ್ಲದ ನಾಲ್ಕು ಕೂದಲೂ ಬಂದವು. “ಅಯ್ಯಯ್ಯಪ್ಪಾ!” ಎಂಬ ಕೂಗಿಗೆ ಮಗು ಮಂಚದ ಕೆಳಗೆ ಸೇರಿತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಸ್ಟರಮ್ಮ ಮಾತ್ರ ನಗಲಿಲ್ಲ. ಎದ್ದು ಹೋಗಿ, ಸೂಜಿ ಇಲ್ಲದ ಒಂದು ಸಿರಿಂಜು ತಂದರು. ಕೆಂಪು ಕೋಟಿನಲ್ಲೇ ಮಂಚದ ಮುಂದೆ ಚಾಪೆ ಹಾಸಿ ಬೋರಲು ಮಲಗಿದರು.

“ಬಾರವ್ವ ಡಾಕ್ಟ್ರಮ್ಮ. ನನಗ ಜ್ವರ ಬಂದೈತೆ. ಈ ಸಲ ನೀನಾ ಚುಚ್ಚು.”

ಸ್ವಲ್ಪ ಹೊತ್ತಿಗೆ ಮಂಚದ ಕೆಳಗಿನಿಂದ ಒಂದು ಪುಟ್ಟ ಕೈ ಬಂದು ಸಿರಿಂಜು ಎಳೆದುಕೊಂಡಿತು. ಆಮೇಲೆ ತಲೆ ಬಂತು. ಮಗು ಹಲ್ಲು ಕಚ್ಚಿ ಅಜ್ಜಿಯ ಸೊಂಟಕ್ಕೆ ಒತ್ತಿತು.

“ಸತ್ತೆನಪ್ಪೋ!” ಸಿಸ್ಟರಮ್ಮ ಕಾಲು ಬಡಿದರು.

“ಉಸ್ ಅನ್ನಬ್ಯಾಡ್ರಿ!” ಎಂದು ಗದರಿದ ಮಗು ಕಿಲಕಿಲ ನಕ್ಕಿತು. ಮತ್ತೆ ಆರು ಸಲ ಚುಚ್ಚಿತು. ಆಮೇಲೆ ಅಪ್ಪನಿಗೆ, ನನಗೆ. ಹಬ್ಬಕ್ಕೆಂದು ಮನೆಗೆ ಬಂದ ಫಾದರ್ ತೋಳು ಕೊಟ್ಟು ಪಾರಾದರು. ಕೊನೆಗೆ ಮಗು ದಣಿದು ಅಜ್ಜಿಯ ತೊಡೆಯ ಮೇಲೆಯೇ ನಿದ್ದೆಹೋಯಿತು. ಸಂಜೆ ನಾಲ್ಕರವರೆಗೆ ಸಿಸ್ಟರಮ್ಮ ಅಲುಗಲಿಲ್ಲ. ಊಟಕ್ಕೆ ಕರೆದರೆ ಪಿಸುದನಿಯಲ್ಲಿ, “ಕಾಲು ಜೋಮು ಹಿಡಿದೈತೆ. ಎಬ್ಬಿಸಿದ್ರ ನೋಡ್ರಿ ಮತ್ತ” ಎಂದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹರಿಹರದಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಯಿತು. ಅವರ ಬಾಡಿಗೆ ಮನೆಗೆ ಬೇರೆಯವರು ಬಂದರು. ಡಿಸೆಂಬರಿನಲ್ಲಿ ಮಗಳು ಫೋನ್ ಮಾಡಿ, “ಈ ಸಲ ಹಬ್ಬಕ್ಕ ಎಲ್ಲಿಗೆ ಹೋಗೋದೋ ತಿಳಿವಲ್ದು ಚಾಚಾ” ಎಂದಳು. ನನ್ನ ಹೆಂಡತಿ ಫೋನು ಕಸಿದುಕೊಂಡಳು. “ಎಲ್ಲಿಗೆ ಅಂದ್ರ? ಕೂಸಿನ್ನ ಕರಕೊಂಡು ಸುಮ್ನೆ ಇಲ್ಲಿಗೆ ಬರ್ರಿ.”

ನಾನು ಪೇಟೆಯಿಂದ ಕಾಗದದ ನಕ್ಷತ್ರ ತಂದು ಬಾಗಿಲಿಗೆ ಕಟ್ಟುತ್ತಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಂದವರು ನಿಂತು ನೋಡಿದರು.

“ಏನ್ ಭಾಯಿ, ತಲಿ ಮ್ಯಾಲೆ ಟೋಪಿ, ಬಾಗಿಲಿಗೆ ಸ್ಟಾರು. ಯಾವ ಪೈಕಿರಿ ನೀವು?”

“ನಾವು ಸಿಸ್ಟರಮ್ಮನ ಪೈಕಿರಿ” ಎಂದೆ.