ಮಾಂಜ್ರಾ ದಂಡೆಯಲ್ಲಿ ಮುಂದೆ ಹೋದವಳು

ಪಚ್, ಪಚ್. ಹಸಿ ಎರೆಮಣ್ಣಿನಿಂದ ಕ್ಯಾನ್ವಾಸ್ ಬೂಟು ಕಿತ್ತು ಬರುವ ಸದ್ದು. ಆ ಚಳಿಗಾಲವನ್ನು ನೆನೆದರೆ ನನಗೆ ಮೊದಲು ಕೇಳುವುದು ಅದೇ. ನನ್ನ ನಾದಿನಿ ಯಾವಾಗಲೂ ಮುಂದೆ, ಅತ್ತಿಗೆಯಾದ ನಾನು ಹಿಂದೆ.

ಇಂಗ್ಲೆಂಡಿನ ಜನ ಕಡಲ ದಂಡೆಯನ್ನು ತುಂಡು ತುಂಡಾಗಿ ನಡೆದು ಮುಗಿಸುತ್ತಾರೆಂದು ಕಾನ್ವೆಂಟಿನಲ್ಲಿ ಕೇಳಿದ್ದೆ. ಅದನ್ನು ಅವಳಿಗೆ ಹೇಳಿದ್ದೇ ತಡ, ಹಟ ಹಿಡಿದಳು. ಬೀದರಿಗೆ ಕಡಲೆಲ್ಲಿಂದ ಬರಬೇಕು? "ಮಾಂಜ್ರಾನೇ ನಮ್ಮ ಸೀ-ಸೈಡ್, ವೈನಿ," ಎಂದಳು. ಸಾಯಗಾಂವದ ಕಡೆಯಿಂದ, ನದಿ ತೆಲಂಗಾಣಕ್ಕೆ ಹೊರಳುವ ತನಕ. ಭಾನುವಾರಕ್ಕೊಂದು ಸೆಕ್ಷನ್, ನಿಲ್ಲಿಸಿದಲ್ಲಿಂದಲೇ ಮತ್ತೆ ಶುರು. ಅವಳ ಹೃದಯದ ವಾಲ್ವ್ ಸೋರುತ್ತಿತ್ತು. ಹೈದರಾಬಾದಿನ ಆಪರೇಷನ್‌ಗೆ ಮೊದಲು ದಂಡೆ ಮುಗಿಯಬೇಕು, ಆಮೇಲೆ ಮಕ್ಕಳು ಬಿಡುವುದಿಲ್ಲ ಎಂಬ ಅವಸರ ಅವಳಿಗೆ.

ಔರಾದ್ ಸೀಮೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಅವಳನ್ನು ಕಂಡು ಕೈ ನಿಲ್ಲಿಸಿದಳು.

"ಮತ್ತ್ಯಾಕ ಬಂದ್ರಿ ಬಾಯಿ? ಏನರ ಮರ್ತು ಹೋಗಿದ್ರೇನ್ರಿ?"

"ನಾ ಯಾವಾಗ ಬಂದಿದ್ದೆನವ್ವಾ?"

"ನಿನ್ನಿ ಒಬ್ರೇ ಹೋದ್ರಲ್ಲರಿ! ನೀರು ಕೇಳಿದ್ರಿ, ಕೊಟ್ಟೆ. ಇದೇ ನೇರಳೆ ಸ್ವೆಟರ್."

ಹಿಂದಿನ ದಿನವೆಲ್ಲ ಅವಳು ಆಸ್ಪತ್ರೆಯಲ್ಲಿ, ನನ್ನ ಪಕ್ಕ, ಎಕೋ ಟೆಸ್ಟಿಗೆ ಕಾಯುತ್ತ ಕುಳಿತಿದ್ದಳು. ಆ ಸ್ವೆಟರ್ ಟ್ರಂಕಿನಿಂದ ಹೊರಬಂದದ್ದು ಅಂದು ಬೆಳಿಗ್ಗೆ.

ನಾದಿನಿ ನಕ್ಕಳು. "ಛಲೋ ಆತು ಬಿಡ್ರಿ ವೈನಿ, ಆಕಿ ನಡೀಲಿ, ನಾ ಕುಂಡ್ರತೇನಿ."

ಮುಂದಿನ ವಾರ ಕುರಿಯವನೊಬ್ಬ, "ಮುಂಜಾನೇನೇ ದಾಟಿದ್ರಲ್ಲರಿ," ಎಂದ. ಅವಳು ನಗಲಿಲ್ಲ. ನಡಿಗೆ ಬಿರುಸಾಯಿತು. ಸದಾ ವಟಗುಟ್ಟುವ ಟಿಟ್ಟಿಭ ಹಕ್ಕಿಗಳೂ ಆ ದಂಡೆಯಲ್ಲಿ ಸುಮ್ಮನಿದ್ದವು.

ಕೊನೆಯ ಭಾನುವಾರ, ಔರಾದ್ ರಸ್ತೆಯ ಸೇತುವೆಯ ಬಳಿ, ಪೇರಲ ಮಾರುವವಳು ಕಣ್ಣು ಪಿಳುಕಿಸಿದಳು. "ಅಯ್ಯ, ಈಗರೆ ಕೆಳಗ ಇಳದ್ರಿ. ಮ್ಯಾಲ ಹ್ಯಾಂಗ ಬಂದ್ರಿ?"

ನಾನು ನಾದಿನಿಯ ರಟ್ಟೆ ಹಿಡಿದೆ. "ಸಾಕು. ಡೋಂಟ್ ಬಿ ಸಿಲ್ಲಿ. ನಾಳೆ ಹೈದರಾಬಾದಿಗೆ ಹೋಗೋದದ."

"ಆಕಿ ನನಗಿಂತ ಮೊದ್ಲ ಮುಗಸಿದ್ರ, ನಾ ಇಷ್ಟು ನಡದದ್ದು ಯಾತಕ್ಕ ಬಂತ್ರಿ?" ಎಂದು ಕೈ ಕೊಸರಿದಳು. "ಸಮೀಪ ಅದಾಳ ವೈನಿ. ಇವತ್ತು ಹಿಡೀತೇನಿ."

ಅವಳ ಹಿಂದೆ ಇಳಿಯಲು ನನ್ನ ನೋಯುವ ಮೊಣಕಾಲು ಮಾತು ಕೇಳಲಿಲ್ಲ. ಬೀದರ್ ಬಸ್ಸು ಬಂತು, ಹತ್ತಿದೆ. ಸಂಜೆ ಅವಳು ಮನೆ ಮುಟ್ಟಿ ಫೋನ್ ಮಾಡಿದಳು. "ಮುಗೀತು," ಎಂದಷ್ಟೇ ಹೇಳಿದಳು. ಧ್ವನಿಯಲ್ಲಿ ಖುಷಿ ಇರಲಿಲ್ಲ, ದಣಿವೂ ಇರಲಿಲ್ಲ. ಹೈದರಾಬಾದಿನಿಂದ ಅವಳು ಜೀವಂತ ಮರಳಲಿಲ್ಲ. ಆ ರಾತ್ರಿಯೇ ಜ್ವರ ಹಿಡಿದು ಮಲಗಿದ ನನಗೆ ಹೈದರಾಬಾದಿಗೂ, ಅವಳ ಮಣ್ಣಿಗೂ ಹೋಗಲಾಗಲಿಲ್ಲ.

ಹೀಗಾಗಿ ನಾನು ಅವಳನ್ನು ಕಡೆಯ ಸಲ ಕಂಡದ್ದು ಬಸ್ಸಿನ ಕಿಟಕಿಯಿಂದ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೋಳದ ಹೊಲದ ಅಂಚಿನಲ್ಲಿ ಓಡುತ್ತಿದ್ದಳು. ನಾನು ಕೂಗಿದ್ದು ಕೇಳಿಸಲಿಲ್ಲ. ಒಂದು ಕೈಯೆತ್ತಿ, ಮುಂದೆ ಇರುವ ಯಾರಿಗೋ ನಿಲ್ಲೆಂದು ಸನ್ನೆ ಮಾಡುತ್ತಿದ್ದಳು.